ಪಾಲಿಮರ್ ಏರ್ ಪಿಸ್ತೂಲಿನ ಹಿಡಿ ಬೆವರಿಗೆ ಜಾರ್ತೈತೆ, ಸೋಲ್ಡ್ರಿಂಗ್ ಐರನ್ನಲ್ಲಿ ಚುಕ್ಕಿ ಹಾಕಿದ್ರೆ ಹೆಂಗೆ?

ಬೆಣ್ಣೆನಗರಿ177:
ನಮಸ್ಕಾರ ಎಲ್ಲಾರಿಗೂ. ದಾವಣಗೆರೆ ವಿದ್ಯಾನಗರದವ್ನು ನಾನು. ಹೋದ ದೀಪಾವಳಿಗೆ ಒಂದು ಸಿಒ2 (ಕಾರ್ಬನ್ ಡೈಆಕ್ಸೈಡ್) ಗ್ಯಾಸಲ್ಲಿ ಹೊಡೆಯೋ ಏರ್ ಪಿಸ್ತೂಲು ತಗಂಡೆ, .177 ಇಂಚಿನ ಪೆಲೆಟ್‌ದು, ಅಂದ್ರೆ ಸಣ್ಣ ಗುಂಡಿಂದು, ಮೇಲಿನ ಸ್ಲೈಡ್ ಒಂದು ಮೆಟಲ್ಲು ಬಿಟ್ರೆ ಹಿಡಿ ಫ್ರೇಮು ಎಲ್ಲಾ ಪ್ಲಾಸ್ಟಿಕ್ಕು, ಅವ್ರ ಭಾಷೇಲಿ ಪಾಲಿಮರ್ರು. ಚಳಿಗಾಲದಲ್ಲಿ ಏನೂ ತೊಂದ್ರೆ ಇರ್ಲಿಲ್ಲ, ಈಗ ಏಪ್ರಿಲ್ ಬಂತು ನೋಡ್ರಿ, ಸಂಜೆ ಆರಕ್ಕೂ ಗೋಡೆ ಕಾದಿರ್ತೈತೆ, ಇಪ್ಪತ್ತು ಪೆಲೆಟ್ ಹೊಡೆಯೋದ್ರೊಳಗೆ ಅಂಗೈ ಬೆವತು ಹಿಡಿ ಕೈಯಾಗೆ ತಿರುಗ್ತೈತೆ, ಬೆಣ್ಣೆ ದೋಸೆ ತಿಂದು ಕೈ ತೊಳೀದೆ ಹಿಡ್ಕಂಡಂಗೆ. ಹಿಡಿ ಮೇಲೆ ಕಂಪ್ನಿಯವ್ರು ಕೊಟ್ಟಿರೋ ಗೆರೆಗಳು ಬರೀ ನೋಡಾಕೆ. ಹೊರದೇಶದವ್ರು ಸೋಲ್ಡ್ರಿಂಗ್ ಐರನ್ನಲ್ಲಿ ಚುಕ್ಕಿ ಚುಕ್ಕಿ ಸುಟ್ಟು ಹಿಡಿನ ಒರಟು ಮಾಡ್ಕಂತಾರೆ, ಅದಕ್ಕೆ ಸ್ಟಿಪ್ಲಿಂಗ್ ಅಂತಾರೆ. ನನ್ನತ್ರ 25 ವ್ಯಾಟಿಂದು ಸೋಲ್ಡ್ರಾನ್ ಐರನ್ ಐತೆ. ಈ ಭಾನುವಾರ ಶುರು ಮಾಡೋಣ ಅಂತಿದೀನಿ, ಯಾರಾದ್ರೂ ಮಾಡಿ ನೋಡಿದೋರು ಇದ್ರೆ ಹೇಳ್ರಪ್ಪ.

ದುರ್ಗದಕಲ್ಲು:
ಗುರುವೇ, ಓಬವ್ವ ಹಿಡ್ದ ಒನಕೆಗೆ ಯಾವ ಸ್ಟಿಪ್ಲಿಂಗ್ ಇತ್ತಪ್ಪ 😄

ಬೆಣ್ಣೆನಗರಿ177:
ಒನಕೆ ಹಿಡಿಯಾಕೆ ಎರಡು ಕೈ ಇತ್ತಲ್ಲ ಅಣ್ಣ, ನಾನು ಒಂದು ಕೈ ಚಾಚಿ ನಿಲ್ಬೇಕು.

ದುರ್ಗದಕಲ್ಲು:
ತಮಾಷೆ ಬಿಡು, ಮೊದ್ಲು ಸೈಕಲ್ ಟ್ಯೂಬ್ ಹಾಕಿ ನೋಡು. ಸೈಕಲ್ ಶಾಪಲ್ಲಿ ಪಂಚರ್ ಆದ ಹಳೇ ಟ್ಯೂಬ್ ಸುಮ್ನೆ ಕೊಡ್ತಾರೆ, ನಾಲ್ಕು ಇಂಚು ಕಟ್ ಮಾಡಿ, ಒಳಗೆ ಸ್ವಲ್ಪ ಸೋಪಿನ ನೀರು ಬಿಟ್ಟು ಹಿಡಿ ಮೇಲೆ ಏರ್ಸಿದ್ರೆ ಕಚ್ಕಂಡು ಕೂರ್ತೈತೆ. ನೀರು ಆರಿದ ಮೇಲೆ ಅಲ್ಲಾಡಲ್ಲ. ನಾನು ಎರಡು ವರ್ಷ ಅದ್ರಲ್ಲೇ ಹೊಡ್ದಿದೀನಿ. ದುರ್ಗದ ಬಿಸಿಲು ನಿಮ್ಮೂರ್ಗಿಂತ ಏನು ಕಮ್ಮಿ ಇಲ್ಲ, ಕೋಟೆ ಬಂಡೆ ಕಾದ್ರೆ ರಾತ್ರಿ ಹತ್ತಕ್ಕೂ ಬಿಸಿ ಬಿಡ್ತಿರ್ತೈತೆ.

ಬೆಣ್ಣೆನಗರಿ177:
ಟ್ಯೂಬ್ ಹಾಕಿದ್ರೆ ಹಿಡಿ ದಪ್ಪ ಆಗ್ತೈತೆ ಅಲ್ವಾ, ನನ್ ಕೈ ಸಣ್ಣದು. ಅಲ್ದೆ ನಂದ್ರಲ್ಲಿ ಹಿಡಿ ಹಿಂಬದಿ ತೆಗ್ದು ಗ್ಯಾಸ್ ಕ್ಯಾಪ್ಸೂಲ್ ಹಾಕ್ಬೇಕು, ಪ್ರತಿ ಸಲ ಟ್ಯೂಬ್ ಬಿಚ್ಚೋದು ಯಾರು.

ಹರಿಹರದ_ಫಿಟ್ಟರ್:
ತಮ್ಮಾ ನಿಲ್ಲು ನಿಲ್ಲು. ಗ್ಯಾಸ್ ಕ್ಯಾಪ್ಸೂಲ್ ಹಿಡಿ ಒಳಗೇ ಕೂರೋದಾ? ಹಂಗಿದ್ರೆ ಐರನ್ ಕೈಗೆ ತಗಳೋ ಮುಂಚೆ ಇದೊಂದು ಓದ್ಕೋ. 12 ಗ್ರಾಂ ಕ್ಯಾಪ್ಸೂಲ್ ಒಳಗೆ ಇರೋದು ದ್ರವ ರೂಪದ ಸಿಒ2, 20 ಡಿಗ್ರೀಲಿ ಅದ್ರ ಒತ್ತಡ ಹೆಚ್ಚುಕಮ್ಮಿ 57 ಬಾರ್, 31 ಡಿಗ್ರಿ ದಾಟಿದ್ರೆ ಅದು ದ್ರವವಾಗಿ ಉಳಿಯೋದೇ ಇಲ್ಲ, 73 ಬಾರ್ ಮೇಲಕ್ಕೆ ಹೋಗಿ ಆಮೇಲೆ ಒಂದೊಂದು ಡಿಗ್ರಿಗೂ ಏರ್ತಾನೇ ಇರ್ತೈತೆ. ನಿನ್ ಸ್ಕೂಟರ್ ಟೈರಿಗೆ ಎರಡು ಎರಡೂವರೆ ಬಾರ್ ಹಾಕ್ತಿ, ಲೆಕ್ಕ ಹಾಕ್ಕೋ. ಅದ್ರ ಮೇಲಿನ ಪ್ಲಾಸ್ಟಿಕ್ಕಿಗೆ ನೀನು 350 ಡಿಗ್ರಿ ಮೂತಿ ಒತ್ತಾಕೆ ಹೊಂಟಿದೀಯ. ಕ್ಯಾಪ್ಸೂಲ್ ತೆಗಿ, ಪೆಲೆಟ್ ತುಂಬೋ ಮ್ಯಾಗಜಿನ್ ತೆಗಿ, ಒಂದೆರಡು ಸಲ ಟ್ರಿಗರ್ ಒತ್ತಿ ಒಳಗೆ ಗ್ಯಾಸು ಪೆಲೆಟ್ಟು ಎರಡೂ ಇಲ್ಲ ಅಂತ ಗೋಡೆ ಕಡೆ ಮುಖ ಮಾಡಿ ಖಾತ್ರಿ ಮಾಡ್ಕೋ. ಬೇಸಿಗೇಲಿ ಕ್ಯಾಪ್ಸೂಲ್ ಹಾಕಿ ಕಾರಲ್ಲಿ ಬಿಟ್ಟು ಹೋಗೋರು ಅದಾರೆ, ಅವ್ರಿಗೂ ಇದೇ ಮಾತು.

ಬೆಣ್ಣೆನಗರಿ177:
ಅಯ್ಯೋ ಸಾರ್, ಕ್ಯಾಪ್ಸೂಲ್ ಒಳಗೇ ಇತ್ತು ನಿನ್ನೆ ರಾತ್ರಿ ತನಕ. ಈಗ್ಲೇ ತೆಗೀತೀನಿ.

ಎರಡನೇ_ಗೇಟ್:
ಲೈಸೆನ್ಸ್ ಇಲ್ದೆ ಪಿಸ್ತೂಲ್ ಇಟ್ಕಂಡು ಇಲ್ಲಿ ಬಂದು ಹೇಳ್ತಿದೀರಲ್ರೀ, ನಾಳೆ ಪೊಲೀಸ್ನೋರು ಮನೆಗೆ ಬಂದ್ರೆ?

ಪಿಬಿರೋಡ್_ವಕೀಲ:
ಬರೋದಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಕೊಳವೆಯ ಒಳ ಅಗಲ .177 ಇಂಚು ಮೀರದೆ, ಹೊಡೆತದ ಶಕ್ತಿ 20 ಜೂಲ್ ಮೀರದೇ ಇರೋ ಏರ್ ಗನ್‌ಗೆ ಲೈಸೆನ್ಸ್ ಬೇಕಾಗಿಲ್ಲ. ಈ ಗ್ಯಾಸ್ ಪಿಸ್ತೂಲುಗಳು ಎರಡು, ಮೂರು, ನಾಲ್ಕು ಜೂಲ್ ಲೆಕ್ಕದವು. ಆದ್ರೆ ಬಿಲ್ ಜೋಪಾನ ಇಟ್ಕೊಳ್ಳಿ, ಮತ್ತೆ ದಯವಿಟ್ಟು ಸೊಂಟಕ್ಕೆ ಸಿಗಿಸ್ಕೊಂಡು ಮಂಡಿಪೇಟೆಗೆ ಹೋಗ್ಬೇಡಿ. ದೂರದಿಂದ ನೋಡೋನಿಗೆ ಇದು ನಿಜವಾದ್ದಾ ಆಟದ್ದಾ ಗೊತ್ತಾಗಲ್ಲ, ಹೆದರಿದವನು ಮಾಡೋ ಫೋನಿಗೆ ನೀವು ಸ್ಟೇಷನ್ನಲ್ಲಿ ಕೂತು ಜೂಲ್ ಲೆಕ್ಕ ವಿವರಿಸಬೇಕಾಗ್ತದೆ. ಬ್ಯಾಗಲ್ಲಿ ಖಾಲಿ ಇಟ್ಟು ಒಯ್ಯಿರಿ.

ತೋಟದಮನೆ_ಹೊಳಲ್ಕೆರೆ:
ವಕೀಲ್ರೇ ಹಂಗೇ ಒಂದು ಮಾತು. ನಮ್ದು ಅಡಿಕೆ ತೋಟ ಐತೆ, ಅಪ್ಪಾಜಿ ಹೆಸ್ರಲ್ಲಿ .32 ಪಿಸ್ತೂಲು ಲೈಸೆನ್ಸಿಂದು ಐತೆ. ಅದಕ್ಕೂ ಹಿಂಗೆ ಚುಕ್ಕಿ ಹಾಕಿಸ್ಬೋದಾ? ಅಪ್ಪಾಜಿಗೆ ವಯಸ್ಸಾಯ್ತು ಕೈ ಹಿಡಿತ ಕಮ್ಮಿ.

ಪಿಬಿರೋಡ್_ವಕೀಲ:
ನಿಮ್ದು ಫ್ರೇಮ್ ಮೆಟಲ್ದೇ ಇರ್ಬೇಕು, ಎರಡೂ ಕಡೆ ಸ್ಕ್ರೂ ಹಾಕಿ ಪ್ಲಾಸ್ಟಿಕ್ ಪಟ್ಟಿ ಕೂರಿಸಿರ್ತಾರೆ, ಅಲ್ವಾ? ಹಾಗಿದ್ರೆ ಫ್ರೇಮ್ ಮುಟ್ಟೋದೇ ಬೇಡ. ಪಟ್ಟಿ ಬಿಚ್ಚಿ ಅದನ್ನೇ ಅಳತೆಗಿಟ್ಕೊಂಡು ಮರದ ಪಟ್ಟಿ ಮಾಡಿಸಿ. ಇನ್ನು 1959ರ ಆಯುಧ ಕಾಯ್ದೆ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಮಾಡೋ ಅಂಗಡಿಯವನಿಗೂ ಲೈಸೆನ್ಸ್ ಬೇಕು, ಆದ್ದರಿಂದ ಅಪ್ಪಾಜಿ ಪಿಸ್ತೂಲನ್ನ ಗೊತ್ತಿರೋ ವೆಲ್ಡಿಂಗ್ ಹುಡುಗನ ಕೈಗೆ ಕೊಟ್ಟು ಬರಬೇಡಿ, ಪಟ್ಟಿ ಮಾತ್ರ ಬಿಚ್ಚಿ ಒಯ್ಯಿರಿ. 8ನೇ ಸೆಕ್ಷನ್ ಇನ್ನೂ ಮುಖ್ಯ. ಆಯುಧದ ಮೇಲಿರೋ ನಂಬರು, ಗುರುತು ಅಳಿಸೋದು, ತಿದ್ದೋದು ಅಪರಾಧ. ನಂಬರಿನ ಹತ್ತಿರ ಅರ, ಎಮರಿ, ಐರನ್ ಯಾವುದೂ ಹೋಗಬಾರದು. ಹೊರದೇಶದ ಪಾಲಿಮರ್ ಪಿಸ್ತೂಲುಗಳಲ್ಲಿ ನಂಬರಿಗೆ ಅಂತಾನೇ ಒಂದು ಲೋಹದ ತುಂಡನ್ನ ಪ್ಲಾಸ್ಟಿಕ್ ಒಳಗೆ ಕೂರಿಸಿರ್ತಾರೆ, ಅಲ್ಲಿ ಚುಕ್ಕಿ ಹಾಕೋರೂ ಆ ಜಾಗ ಬಿಟ್ಟೇ ಹಾಕ್ತಾರೆ.

ತೋಟದಮನೆ_ಹೊಳಲ್ಕೆರೆ:
ಹೌದು ಸಾರ್ ಸ್ಕ್ರೂ ಪಟ್ಟಿನೇ. ಹೋದ ಲೋಕಸಭೆ ಎಲೆಕ್ಷನ್ನಾಗೆ ಸ್ಟೇಷನ್ನಿಗೆ ಡಿಪಾಸಿಟ್ ಮಾಡಿ ತಂದಾಗಿಂದ ಒಂದು ಸ್ಕ್ರೂ ಲೂಜಾಗೈತೆ. ನೋಡಿಸ್ತೀನಿ.

ಮೋಲ್ಡಿಂಗ್_ಮೇಷ್ಟ್ರು:
ತಡವಾಗಿ ಬಂದೆ. ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲ್ಸದಲ್ಲಿ ಹದಿನೆಂಟು ವರ್ಷ ತೆಗೆದೋನು ನಾನು, ಬಂದೂಕಿನ ಬಗ್ಗೆ ಏನೂ ಗೊತ್ತಿಲ್ಲ ಆದ್ರೆ ಪ್ಲಾಸ್ಟಿಕ್ ಬಗ್ಗೆ ಮಾತಾಡ್ಬೋದು. ಎಲ್ಲರೂ ಪಾಲಿಮರ್ ಪಾಲಿಮರ್ ಅಂತೀರಿ, ಪಾಲಿಮರ್ ಅಂದ್ರೆ ಕಾಳು ಅಂದಂಗೆ, ತೊಗರಿನೋ ಹುರುಳಿನೋ ಹೇಳ್ಬೇಕಲ್ಲ. ನಿಜವಾದ ಪಿಸ್ತೂಲುಗಳ ಫ್ರೇಮು ಸಾಮಾನ್ಯವಾಗಿ ನೈಲಾನ್ ಜಾತಿದು, ಅದ್ರೊಳಗೆ ಗಾಜಿನ ಎಳೆ ಸೇರ್ಸಿರೋದೇ ಜಾಸ್ತಿ. ಏರ್ ಪಿಸ್ತೂಲಲ್ಲಿ ಅದೂ ಇರ್ಬೋದು, ಎಬಿಎಸ್ ಅನ್ನೋ ಸಾದಾ ಪ್ಲಾಸ್ಟಿಕ್ಕೂ ಇರ್ಬೋದು. ಇವೆರಡೂ ಐರನ್ ಮೂತಿಗೆ ಒಂದೇ ಥರ ನಡ್ಕಳಲ್ಲ. ಎಬಿಎಸ್ 100 ಡಿಗ್ರಿ ದಾಟುತ್ತಲೇ ಮೆತ್ತಗಾಗೋಕೆ ಶುರು, ನೈಲಾನ್ 66 ಕರಗೋದು 260ರ ಹತ್ರ, ನೈಲಾನ್ 6 ಆದ್ರೆ 220. ಕಂಟ್ರೋಲ್ ಇಲ್ದಿರೋ 25 ವ್ಯಾಟ್ ಐರನ್ ಮೂತಿ ಹತ್ತು ನಿಮಿಷ ಬಿಟ್ರೆ 350 ದಾಟುತ್ತೆ. ಎಬಿಎಸ್ಸಿಗೆ ಅದನ್ನ ಒತ್ತಿದ್ರೆ ಚುಕ್ಕಿ ಬೀಳಲ್ಲ, ಗುಂಡಿ ಬೀಳುತ್ತೆ, ಮಂಡಕ್ಕಿ ಹುರಿಯೋ ಮರಳಿಗೆ ಪ್ಲಾಸ್ಟಿಕ್ ಕವರ್ ಬಿದ್ದಂಗೆ.

ಯಾವುದು ಅಂತ ಹೆಂಗೆ ನೋಡೋದು? ಹಿಡಿ ಬಿಚ್ಚಿ ಒಳಗಡೆ ಮೈ ನೋಡಿ, ಕೆಲವೊಮ್ಮೆ ಅಚ್ಚಲ್ಲೇ ಪಿಎ ಅಂತಲೋ ಎಬಿಎಸ್ ಅಂತಲೋ ಮೂಡಿರುತ್ತೆ, ಪಿಎ ಅಂದ್ರೆ ನೈಲಾನ್. ಇಲ್ಲ ಅಂದ್ರೆ ಹೊರಗೆ ಕಾಣದ ಮೂಲೇಲಿ ಅಸಿಟೋನ್ ಒಂದು ತೊಟ್ಟು ಹತ್ತಿ ಕಡ್ಡೀಲಿ ಸವರಿ. ಅಂಟಂಟಾಗಿ ಮೆತ್ತಗಾದ್ರೆ ಎಬಿಎಸ್ಸು. ಏನೂ ಆಗ್ಲಿಲ್ಲ ಅಂದ್ರೆ ನೈಲಾನ್ ಇರೋ ಸಂಭವ ಜಾಸ್ತಿ. ಒಳಗಿಂದ ಸಣ್ಣ ಚೂರು ಕೆತ್ತಿ ಚಿಮುಟದಲ್ಲಿ ಹಿಡ್ದು ಬೆಂಕಿ ತೋರ್ಸಿದ್ರೂ ಗೊತ್ತಾಗುತ್ತೆ, ನೈಲಾನ್ ಸುಟ್ಟ ಕೂದಲಿನ ವಾಸ್ನೆ ಬರುತ್ತೆ, ಎಬಿಎಸ್ ಕಪ್ಪು ಮಸಿ ಹೊಗೆ ಬಿಡುತ್ತೆ. ಬಯಲಲ್ಲಿ ಮಾಡಿ, ಮೂಗು ಹತ್ರ ಇಟ್ಟು ಮೂಸ್ಬೇಡಿ.

ಬೆಣ್ಣೆನಗರಿ177:
ಮೇಷ್ಟ್ರೇ ಕಾಲಿಗೆ ಬಿದ್ದೆ. ಒಳಗಡೆ ಅಚ್ಚು ನೋಡ್ದೆ, ಪಿಎ ಅಂತ ಐತೆ, ಪಕ್ಕದಲ್ಲಿ ಜಿಎಫ್ 30 ಅಂತ ಐತೆ.

ಮೋಲ್ಡಿಂಗ್_ಮೇಷ್ಟ್ರು:
ಅಲ್ಲಿಗೆ ಮುಗೀತು, ನೈಲಾನ್, ಅದ್ರಲ್ಲಿ ತೂಕಕ್ಕೆ ನೂರಕ್ಕೆ 30 ಭಾಗ ಗಾಜಿನ ಎಳೆ. ಒಳ್ಳೇ ಮಾಲು. ಪ್ರಾಕ್ಟೀಸ್ ಮಾಡೋಕೂ ಅದೇ ಮಾಲು ನಿಮ್ಗೆ ಗುಜರೀಲಿ ಸಿಗುತ್ತೆ, ಕಾರಿನ ರೇಡಿಯೇಟರ್ ಮೇಲೆ ಕೆಳಗೆ ಕರೀ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತಲ್ಲ, ಅದು ಸಾಮಾನ್ಯವಾಗಿ ನೈಲಾನ್ 66 ಜಿಎಫ್ 30. ಒಂದು ಟ್ಯಾಂಕ್ ತಂದು ಅದ್ರ ಮೇಲೆ ಐನೂರು ಚುಕ್ಕಿ ಹಾಕಿ. ಆಮೇಲೆ ಪಿಸ್ತೂಲು.

ಎರಡನೇ_ಗೇಟ್:
ಐನೂರಾ!! ರಂಗೋಲಿ ಕ್ಲಾಸ್ ಆಯ್ತಲ್ರೀ ಇದು

ಹರಿಹರದ_ಫಿಟ್ಟರ್:
ರಂಗೋಲಿ ಅಂತ ನಗಬ್ಯಾಡ್ರಿ, ನಮ್ಮನೇಲಿ ಚುಕ್ಕಿ ಇಡೋದು ನೋಡಿ ಕಲೀಬೇಕು ಅಂತ ನಂಗೇ ಅನ್ಸೈತೆ, ಒಂದ್ರಂಗೆ ಒಂದು ಬೀಳ್ತಾವೆ. ಐರನ್ ಬಗ್ಗೆ ಎರಡು ಮಾತು. ಬಿಸಿ ಕಂಟ್ರೋಲ್ ಇರೋ ಸೋಲ್ಡ್ರಿಂಗ್ ಸ್ಟೇಷನ್ ಸಿಕ್ರೆ ಅದೇ ವಾಸಿ, ಮೊಬೈಲ್ ರಿಪೇರಿ ಅಂಗ್ಡಿ ದೋಸ್ತರತ್ರ ಎರಡು ದಿನಕ್ಕೆ ಕೇಳ್ಕಂಡು ಬಾ, 280 300ರಲ್ಲಿ ಇಟ್ಟು ಶುರು ಮಾಡು. ಮೂತಿ ಸೂಜಿ ಥರ ಚೂಪು ಇದ್ರೆ ತೂತು ಕೊರೀತೈತೆ, ಹಳೇ ಬಿಟ್ ಒಂದನ್ನ ಅರದಲ್ಲಿ ಉಜ್ಜಿ ತುದಿನ ಸಾಸಿವೆ ಕಾಳಷ್ಟು ಗುಂಡಗೆ ಮಾಡ್ಕೋ. ಆ ಬಿಟ್ ಮತ್ತೆ ಬೆಸುಗೆಗೆ ಬರಲ್ಲ, ಇದಕ್ಕೇ ಮೀಸಲು. ನೆಟ್ಟಗೆ ಇಡು, ಒಂದು ಅಂತ ಎಣ್ಸು, ನೆಟ್ಟಗೆ ಎತ್ತು. ಎಳೀಬ್ಯಾಡ. ಎಳೆದ್ರೆ ಪ್ಲಾಸ್ಟಿಕ್ ಬಾಲ ಬರ್ತೈತೆ, ಆ ಬಾಲ ತಣ್ಣಗಾದ ಮೇಲೆ ಚರ್ಮಕ್ಕೆ ಮುಳ್ಳು. ಗೋಡೆ ದಪ್ಪ ಎರಡು ಮೂರು ಮಿಲಿಮೀಟರ್ ಇರ್ತೈತೆ ಅಷ್ಟೆ, ಅರ್ಧ ಮಿಲಿಮೀಟರ್‌ಗಿಂತ ಆಳಕ್ಕೆ ಹೋಗ್ಬ್ಯಾಡ. ಮ್ಯಾಗಜಿನ್ ತೂರೋ ಬಾಯಿ ಅಂಚು, ಸ್ಕ್ರೂ ಸುತ್ತ, ಬಟನ್ ಸುತ್ತ ಒಂದು ಕಡ್ಲೆ ಕಾಳಿನಗಲ ಬಿಟ್ಬಿಡು, ಅಲ್ಲಿ ಬಿಸಿಗೆ ಒಂಚೂರು ಸೊಟ್ಟ ಆದ್ರೂ ಮ್ಯಾಗಜಿನ್ ಕಚ್ಕಳ್ತೈತೆ.

ಟೆನ್‌ಮೀಟರ್_ಅಕ್ಕ:
ಎಲ್ಲರೂ ಐರನ್ ಬಗ್ಗೆ ಹೇಳ್ತಿದೀರಿ, ಕೈ ಬಗ್ಗೆ ಯಾರೂ ಕೇಳ್ತಿಲ್ವಲ್ಲ. ನಾನು ಎನ್‌ಸಿಸಿಲಿ .22 ರೈಫಲ್ ಹಿಡಿದು ಶುರು ಮಾಡಿ ಆಮೇಲೆ ಹತ್ತು ಮೀಟರ್ ಏರ್ ಪಿಸ್ತೂಲಿಗೆ ಬಂದೋಳು. ನಮ್ಮ ಮ್ಯಾಚ್ ಪಿಸ್ತೂಲಿನ ಹಿಡಿ ಮರದ್ದು, ವಾಲ್‌ನಟ್, ಅದಕ್ಕೂ ಮೈತುಂಬ ಚುಕ್ಕಿ ಕೆತ್ತಿರ್ತಾರೆ, ಆದ್ರೆ ನಮ್ಮ ಕೈಗೆ ಹಿಡಿ ನಿಲ್ಲೋದು ಆ ಚುಕ್ಕಿಯಿಂದ ಅಲ್ಲ, ಆಕಾರದಿಂದ. ಎಲ್ಲಿ ಗ್ಯಾಪ್ ಇದೆಯೋ ಅಲ್ಲಿ ಪುಟ್ಟಿ ತುಂಬ್ತೀವಿ, ಎಲ್ಲಿ ಒತ್ತುತ್ತೋ ಅಲ್ಲಿ ಉಜ್ಜಿ ತೆಗೀತೀವಿ, ಒಂದೊಂದು ಹಿಡಿಗೆ ವರ್ಷಗಟ್ಟಲೆ ಈ ಕೆಲಸ ನಡೀತಾ ಇರುತ್ತೆ. ನಿಯಮ ಇಷ್ಟೇ, ಪಿಸ್ತೂಲಿನ ಯಾವ ಭಾಗವೂ ಕೈ ದಾಟಿ ತಾಗಬಾರದು, ಮಣಿಕಟ್ಟು ಬಿಡುವಾಗಿ ಕಾಣಬೇಕು.

ಬೆಣ್ಣೆನಗರಿ ತಮ್ಮ, ಹಿಡಿ ಕೈಯಲ್ಲಿ ತಿರುಗುತ್ತೆ ಅಂದ್ಯಲ್ಲ, ಯಾವ ಕಡೆಗೆ ತಿರುಗುತ್ತೆ? ಅದನ್ನ ಮೊದಲು ನೋಡು. ನಾನು ಹುಡುಗರಿಗೆ ಹೇಳಿಕೊಡೋ ಒಂದು ಉಪಾಯ ಇದೆ. ಮನೇಲಿ ವಿಭೂತಿ ಇರುತ್ತಲ್ಲ, ಗಟ್ಟಿನ ಪುಡಿ ಮಾಡಿ ಅಂಗೈಗೆ ತೆಳ್ಳಗೆ ಬಳ್ಕೋ, ಖಾಲಿ ಪಿಸ್ತೂಲನ್ನ ನಿಜವಾಗಿ ಗುರಿ ಇಟ್ಟಂಗೆ ಒಂದು ನಿಮಿಷ ಹಿಡಿ, ಬಿಡು. ಕರೀ ಹಿಡಿ ಮೇಲೆ ಬಿಳೀ ಗುರುತು ಎಲ್ಲಿ ಬೀಳುತ್ತೋ ಅಲ್ಲಿ ಮಾತ್ರ ನಿನ್ನ ಕೈ ಕೆಲಸ ಮಾಡ್ತಿದೆ. ಚುಕ್ಕಿ ಅಲ್ಲಿ ಬೇಕು. ಗುರುತು ಬೀಳದ ಕಡೆ ಎಷ್ಟು ಚುಕ್ಕಿ ಸುಟ್ರೂ ಅದು ಶೋಕಿ.

ಬೆಣ್ಣೆನಗರಿ177:
ಅಕ್ಕ ಇದು ಸೂಪರ್. ಈಗ್ತಾನೆ ಮಾಡಿ ನೋಡ್ದೆ, ನಮ್ಮಮ್ಮ ಪೂಜೆ ವಿಭೂತಿ ಮುಟ್ಟಿದ್ದಕ್ಕೆ ಬೈದ್ರು ಅದು ಬೇರೆ ವಿಷ್ಯ. ಬಿಳೀ ಗುರುತು ಬಿದ್ದಿದ್ದು ಮುಂದ್ಗಡೆ ಮಧ್ಯದ ಎರಡು ಬೆರಳಿನ ಜಾಗ, ಹಿಂದ್ಗಡೆ ಅಂಗೈ ಹಿಮ್ಮಡಿ ಇರ್ತೈತಲ್ಲ ಅಲ್ಲಿ. ಪಕ್ಕದ ಎರಡೂ ಮೈ ಮೇಲೆ ಹೆಚ್ಚುಕಮ್ಮಿ ಏನೂ ಇಲ್ಲ!! ನಾನು ಪಕ್ಕಕ್ಕೇ ದೊಡ್ಡ ಡಿಸೈನ್ ಹಾಕ್ಬೇಕು ಅಂತಿದ್ದೆ, ಕೋಟೆ ಕಲ್ಲು ಜೋಡ್ಸಿರೋ ಥರ.

ದುರ್ಗದಕಲ್ಲು:
ಕೋಟೆ ಡಿಸೈನ್ ಹಾಕಾಕೆ ದುರ್ಗದೋರ ಪರ್ಮಿಷನ್ ತಗಬೇಕು, ಹೇಳಿರ್ತೀನಿ.

ಟೆನ್‌ಮೀಟರ್_ಅಕ್ಕ:
ಹಿಂದೆ ಮುಂದೆ ಅಷ್ಟೇ ಸಾಕು. ಕೈ ಒತ್ತೋದು ಹಿಂದಿಂದ ಮುಂದಕ್ಕೆ, ಪಕ್ಕದ ಬೆರಳ ತುದಿ ಒತ್ತಿದ್ರೆ ಗುರಿನೇ ಪಕ್ಕಕ್ಕೆ ಹೋಗುತ್ತೆ. ಹತ್ತು ಮೀಟರಲ್ಲಿ ಗುರಿ ಹಲಗೆಯ ನಡುವಿನ, ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲ.

ಶೋಕಿವಾಲ_ಪಿಜೆ:
ಯಾಕ್ರಿ ಶೋಕಿ ಅಂದ್ರೆ ಅಷ್ಟು ಕೀಳಾಗಿ ನೋಡ್ತೀರ. ನಾನು ನನ್ ಪಿಸ್ತೂಲಿಗೆ ಷಟ್ಕೋನ ಡಿಸೈನ್ ಮಾಡಿದೀನಿ, ಅಂಚಿಗೆ ಗೆರೆ ಕೊರ್ದು ಒಳಗೆ ಚುಕ್ಕಿ ತುಂಬಿದೀನಿ, ನೋಡ್ದೋರೆಲ್ಲ ಎಲ್ಲಿ ಮಾಡಿಸ್ದೆ ಅಂತಾರೆ. ದುಡ್ಡು ಕೊಟ್ಟು ತಗಂಡ ಸಾಮಾನು, ಚೆಂದ ಕಾಣ್ಲಿ ಬಿಡ್ರಿ.

ಟೆನ್‌ಮೀಟರ್_ಅಕ್ಕ:
ಚೆಂದ ಬೇಡ ಅಂದಿಲ್ಲಪ್ಪ. ಮೊದಲು ಹಿಡಿತ, ಆಮೇಲೆ ಚೆಂದ. ಒಂದು ಕೇಳ್ತೀನಿ, ಒಂದು ಮ್ಯಾಚಿನ ಅರವತ್ತು ಪೆಲೆಟ್ ಹೊಡೆದ ಮೇಲೆ ನಿನ್ನ ಕೈ ಹೆಂಗಿರುತ್ತೆ?

ಶೋಕಿವಾಲ_ಪಿಜೆ:
ಅರವತ್ತು ಯಾರು ಹೊಡೀತಾರೆ ಅಕ್ಕ, ಹತ್ತು ಹೊಡ್ದು ಮಿರ್ಚಿ ತಿನ್ನಾಕೆ ಹೋಗ್ತೀವಿ

ಹರಿಹರದ_ಫಿಟ್ಟರ್:
😂 ಅದಕ್ಕೇ ಷಟ್ಕೋನ ಚುಚ್ಚಿಲ್ಲ ನಿಂಗೆ. ಮಿರ್ಚಿ ಅಂದಿದ್ದಕ್ಕೆ ನೆನಪಾಯ್ತು, ಪೆಲೆಟ್ ಅಂದ್ರೆ ಸೀಸ. ನುಣ್ಣಗಿರೋ ಹಿಡಿ ಒರೆಸಿದ್ರೆ ಹೋಗ್ತೈತೆ, ಚುಕ್ಕಿ ಹಾಕಿದ್ ಮೇಲೆ ಸಂದಿ ಸಂದೀಲಿ ಬೆವರು ಸೀಸದ ಪುಡಿ ಎಲ್ಲಾ ಸೇರ್ಕಂತೈತೆ. ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಸೋಪಿನ ನೀರು ಹಾಕಿ ತಿಕ್ಕು. ಕೈ ಸೋಪಾಕಿ ತೊಳ್ದೇ ಮಂಡಕ್ಕಿಗೆ ಕೈ ಹಾಕು.

ಮಿಲ್‌ಕ್ವಾರ್ಟರ್ಸ್:
ಸುಡೋದು ಬ್ಯಾಡ ಅನ್ನೋರಿಗೆ ಇನ್ನೊಂದು ದಾರಿ. ಮೆಟ್ಲಿಗೆ ಜಾರದಂಗೆ ಅಂಟ್ಸೋ ಕರೀ ಟೇಪ್ ಐತಲ್ಲ, ಮರಳು ಕಾಗದ ಥರ ಇರ್ತೈತೆ, ಹಾರ್ಡ್‌ವೇರ್ ಅಂಗ್ಡೀಲಿ ಕೇಳಿದ್ರೆ ಆಂಟಿ ಸ್ಕಿಡ್ ಟೇಪ್ ಅಂತ ಕೊಡ್ತಾರೆ. ಪೇಪರಲ್ಲಿ ಅಳತೆ ಕಟ್ ಮಾಡಿ, ಮೂಲೆಗಳನ್ನ ದುಂಡಗೆ ಮಾಡಿ (ಚೌಕ ಮೂಲೆ ಬಿಟ್ರೆ ಎರಡೇ ದಿನಕ್ಕೆ ಏಳ್ತೈತೆ), ಹಿಡಿನ ಸ್ಪಿರಿಟ್ಟಲ್ಲಿ ಒರೆಸಿ ಜಿಡ್ಡು ತೆಗ್ದು ಅಂಟ್ಸಿ ಹೇರ್ ಡ್ರೈಯರ್ ಬಿಸಿ ತೋರ್ಸಿ ಒತ್ತಬೇಕು. ನಂಗೆ ಮೂರು ತಿಂಗ್ಳು ಬಂತು. ಆಮೇಲೆ ಸೊಂಟದತ್ರ ಅಂಗಿ ತಿಂದಾಕಿತ್ತು ಅದೊಂದು ಲಾಸು. ಬೇಜಾರಾದ್ರೆ ಕಿತ್ತಾಕಬೋದು, ಪಿಸ್ತೂಲಿಗೆ ಏನೂ ಆಗಿರಲ್ಲ.

ಗ್ರಾನೈಟ್_ಹುಡುಗ:
ನಾವು ಅರಾಲ್ಡೈಟ್ ಸವರಿ ಅದ್ರ ಮೇಲೆ ಕಾರ್ಬೊರಂಡಂ ಪುಡಿ (ಕಲ್ಲು ಉಜ್ಜೋ ಒರಟು ಪುಡಿ) ಉದುರ್ಸಿ ಒಣಗಿಸಿದ್ವಿ, ಪಾಲಿಶ್ ಕೆಲ್ಸಕ್ಕೆ ಬರೋದು ಉಳ್ದಿತ್ತು. ಹಿಡಿತ ಬೆಂಕಿ. ಆದ್ರೆ ಒಂದು ತಿಂಗ್ಳಿಗೆ ಬೆಲ್ಲದ ಅಚ್ಚು ಬಿಟ್ಟಂಗೆ ಒಂದು ಸೈಡ್ ಪೂರ್ತಿ ಎದ್ದು ಬಂತು.

ಮೋಲ್ಡಿಂಗ್_ಮೇಷ್ಟ್ರು:
ನೈಲಾನ್ ಮೇಲೆ ಅಂಟು ಸುಲಭಕ್ಕೆ ಹಿಡಿಯಲ್ಲ, ಅದ್ರ ಗುಣವೇ ಹಂಗೆ. ಮೊದ್ಲು ಒರಟು ಎಮರೀಲಿ ಚೆನ್ನಾಗಿ ಗೀರಿ, ಸ್ಪಿರಿಟ್ ಒರೆಸಿ, ಪೂರ್ತಿ ಆರಿದ ಮೇಲೆ ಸವರಬೇಕಿತ್ತು. ಆದ್ರೂ ಗ್ಯಾರಂಟಿ ಕೊಡಲ್ಲ ನಾನು.

ಬೆಣ್ಣೆನಗರಿ177:
ಅಪ್‌ಡೇಟ್. ಗುಜರೀಲಿ ರೇಡಿಯೇಟರ್ ಟ್ಯಾಂಕ್ ಸಿಕ್ತು, ಅದ್ರ ಮೇಲೆ ಮೂರು ಸಂಜೆ ಕೂತೆ. ಮೊದಲ್ನೇ ದಿನದ್ದು ನೋಡಿದ್ರೆ ಸಿಡುಬಿನ ಮುಖ, ಮೂರನೇ ದಿನ ಒಂದು ಲೆವೆಲ್ಲಿಗೆ ಬಂತು. ದೋಸ್ತನ ಅಂಗ್ಡಿ ಸ್ಟೇಷನ್ ತಂದು 290ಕ್ಕೆ ಇಟ್ಟೆ. ಹೊಗೆ ಕಂಡ್ರೆ ಜಾಸ್ತಿ ಬಿಸಿ ಅಂತ ನಂಗೇ ಗೊತ್ತಾಗಾಕೆ ಶುರುವಾಯ್ತು, ಸರಿಯಾದ ಬಿಸಿಗೆ ಸುಮ್ನೆ ಒಂದು ಸಣ್ಣ ಗುಬ್ಬಿ ಏಳ್ತೈತೆ ಅಷ್ಟೆ. ಟೆರೇಸಲ್ಲಿ ಗಾಳಿಗೆ ಬೆನ್ನು ಮಾಡಿ ಕೂತಿದ್ದೆ, ಪಕ್ಕಕ್ಕೆ ಟೇಬಲ್ ಫ್ಯಾನ್. ಆಮೇಲೆ ಪಿಸ್ತೂಲಿಗೆ ಕೈ ಹಾಕ್ದೆ, ಕ್ಯಾಪ್ಸೂಲ್ ಇಲ್ಲ ಮ್ಯಾಗಜಿನ್ ಇಲ್ಲ, ಬಿಚ್ಚಾಕೆ ಬರೋದೆಲ್ಲ ಬಿಚ್ಚಿಟ್ಟು, ಬಿಡಬೇಕಾದ ಜಾಗಕ್ಕೆಲ್ಲ ಪೇಂಟರ್ ಟೇಪ್ ಸುತ್ತಿ. ಮುಂದ್ಗಡೆ ಮುಗೀತು, ಸೂಪರ್ ಬಂತು. ಹಿಂದ್ಗಡೆ ಮುಕ್ಕಾಲು ಬಂತು. ಅಷ್ಟ್ರಲ್ಲಿ ಕೆಳಗಿಂದ ಅಮ್ಮ ಗ್ಯಾಸ್ ಸಿಲಿಂಡರ್ ಬಂದೈತೆ ಬಾ ಅಂತ ಕೂಗಿದ್ರು, ತಲೆ ಎತ್ತಿ ಬಂದೆ ಅಂದೆ, ಐರನ್ ಅಲ್ಲೇ ಇತ್ತು. ಎರಡು ಸೆಕೆಂಡ್ ಅಷ್ಟೆ. ಹೆಬ್ಬೆರಳು ತೋರುಬೆರಳು ಸೇರೋ ಸಂದು ಕೂರ್ತೈತಲ್ಲ, ಸರಿಯಾಗಿ ಅಲ್ಲೇ ಒಂದು ಗುಂಡಿ, ಸುತ್ತ ಜ್ವಾಲಾಮುಖಿ ಥರ ದಡ.

ದುರ್ಗದಕಲ್ಲು:
ಅಯ್ಯೋ ಶಿವನೇ.

ಹರಿಹರದ_ಫಿಟ್ಟರ್:
ಆಳ ಎಷ್ಟು? ಬೆಳಕಿಗೆ ಹಿಡಿದ್ರೆ ಆ ಕಡೆ ಕಾಣ್ತೈತಾ?

ಬೆಣ್ಣೆನಗರಿ177:
ಇಲ್ಲ ಸಾರ್, ಒಂದು ಮಿಲಿಮೀಟರ್ ಇರ್ಬೋದು. ಒಳಗಡೆ ಮೈ ಮುಟ್ಟಿ ನೋಡ್ದೆ ಉಬ್ಬಿಲ್ಲ.

ಹರಿಹರದ_ಫಿಟ್ಟರ್:
ಹಂಗಿದ್ರೆ ಅಳಬ್ಯಾಡ. ಗುಂಡಿಯನ್ನ ತುಂಬಾಕೆ ಹೋಗ್ಬ್ಯಾಡ, ಹಿಂಗೇ ಇರ್ಲಿ. ದಡ ಮಾತ್ರ ಬ್ಲೇಡಲ್ಲಿ ಕೆತ್ತಿ, 220 ನಂಬರ್ ಎಮರಿ ಕಾಗದಾನ ಮರದ ತುಂಡಿಗೆ ಸುತ್ತಿ ನೀರು ಹಚ್ಚಿ ಉಜ್ಜು, ಆಮೇಲೆ 400. ನೀರು ಹಚ್ಚೋದು ಮರೀಬ್ಯಾಡ, ಗಾಜಿನ ಎಳೆ ಪುಡಿ ಗಾಳೀಲಿ ಹಾರಿದ್ರೆ ಗಂಟಲಿಗೂ ಚರ್ಮಕ್ಕೂ ತುರಿಕೆ. ಮಾಸ್ಕ್ ಹಾಕು. ಇನ್ನೊಂದು ಸತ್ಯ ಹೇಳ್ಲಾ, ಆ ಸಂದಿನ ಜಾಗ್ದಾಗೆ ಚುಕ್ಕಿ ಹಾಕೋದೇ ತಪ್ಪು, ಅಲ್ಲಿ ಚರ್ಮ ತೆಳ್ಳಗೆ.

ಟೆನ್‌ಮೀಟರ್_ಅಕ್ಕ:
ಹೌದು, ನಾನೇ ಹೇಳ್ಬೇಕಿತ್ತು. ವಿಭೂತಿ ಗುರುತು ಅಲ್ಲೂ ಬಿದ್ದಿರುತ್ತೆ, ಆದ್ರೆ ಅಲ್ಲಿ ಹಿಡಿ ಬರೀ ಕೂತ್ಕೊಳ್ಳೋದು, ಕೈ ಅದನ್ನ ಹಿಡ್ಕೊಳ್ಳೋದಲ್ಲ. ಆ ಭಾಗ ನುಣ್ಣಗೇ ಇರಬೇಕು. ಚುಕ್ಕಿ ಶುರುವಾಗೋದು ಅದಕ್ಕಿಂತ ಒಂದೂವರೆ ಬೆರಳು ಕೆಳಗಿಂದ. ನಿಂಗೆ ಅರ್ಧ ಉಪಾಯ ಹೇಳಿ ಕೈ ಬಿಟ್ಟಂಗಾಯ್ತು, ಬೇಜಾರು ಮಾಡ್ಕೋಬೇಡ.

ಶೋಕಿವಾಲ_ಪಿಜೆ:
ಅಣ್ಣ ಗುಂಡಿ ಸುತ್ತ ಒಂದು ಹೂವಿನ ಡಿಸೈನ್ ಮಾಡಿಬಿಡು, ಬೇಕಂತ್ಲೇ ಮಾಡಿದ್ದು ಅನ್ಸುತ್ತೆ

ಬೆಣ್ಣೆನಗರಿ177:
ಬ್ಯಾಡಪ್ಪ ನಿನ್ ಸಹವಾಸ.

ಎರಡನೇ_ಗೇಟ್:
ಒಂದು ಪ್ರಶ್ನೆ, ಕಂಪ್ನಿಯವ್ರೇ ಯಾಕೆ ಚೆನ್ನಾಗಿ ಒರಟು ಮಾಡಿ ಕೊಡಲ್ಲ? ನಾವ್ಯಾಕೆ ಸುಡ್ಬೇಕು?

ಮೋಲ್ಡಿಂಗ್_ಮೇಷ್ಟ್ರು:
ಅಚ್ಚಿನ ಕಡೆಯಿಂದ ಹೇಳ್ತೀನಿ. ಹಿಡಿ ಅಚ್ಚು ಎಡ ಬಲ ಎರಡು ಹೋಳಾಗಿ ತೆರ್ಕೊಳ್ಳುತ್ತೆ. ಪಕ್ಕದ ಮೈಗೆ ಎಷ್ಟು ಒರಟಿದ್ರೂ ಅಚ್ಚು ನೇರ ಹಿಂದಕ್ಕೆ ಸರಿಯುತ್ತೆ, ತೊಂದ್ರೆ ಇಲ್ಲ. ಮುಂದ್ಗಡೆ ಹಿಂದ್ಗಡೆ ಬಾಗಿರೋ ಜಾಗದಲ್ಲಿ ಆಳವಾದ ಚುಕ್ಕಿ ಕೊಟ್ರೆ ಅಚ್ಚು ತೆರೆಯೋವಾಗ ಅದೇ ಚುಕ್ಕಿ ಕಿತ್ಕೊಂಡು ಹೋಗುತ್ತೆ. ಅದಕ್ಕೇ ನೋಡಿ, ಪಕ್ಕದಲ್ಲಿ ಭರ್ಜರಿ ಡಿಸೈನ್ ಇರುತ್ತೆ, ಬೇಕಾಗಿರೋ ಮುಂದ್ಗಡೆ ನುಣ್ಣಗೆ ಅಥವಾ ಬರೀ ಅಡ್ಡ ಗೆರೆ. ಅದನ್ನ ಮೀರಬೇಕು ಅಂದ್ರೆ ಅಚ್ಚಿಗೆ ಇನ್ನೊಂದೆರಡು ಜಾರೋ ತುಂಡು ಸೇರಿಸ್ಬೇಕು, ಅಚ್ಚಿನ ರೇಟು ಏರುತ್ತೆ. ಮತ್ತೆ ಎಲ್ಲರ ಕೈಗೂ ಒಂದೇ ಮಾಲು ಮಾರ್ಬೇಕಲ್ಲ, ಗಾರೆ ಕೆಲಸದೋನ ಕೈಗೆ ಸರಿಯಾದ್ದು ಬ್ಯಾಂಕಲ್ಲಿ ಕೂರೋನ ಕೈ ತರಚುತ್ತೆ.

ಎರಡನೇ_ಗೇಟ್:
ಓಹೋ. ಇದು ಇವತ್ತು ಕಲ್ತ ಹೊಸ ವಿಷ್ಯ. ಪಕ್ಕದಲ್ಲಿ ಯಾಕೆ ಡಿಸೈನ್ ಅಂತ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ, ನಮ್ಮನೇ ಟಾರ್ಚು ಡ್ರಿಲ್ ಮಷಿನ್ನು ಎಲ್ಲದ್ರಲ್ಲೂ ಹಂಗೇ ಐತೆ.

ಹಳೇ_ಸೈನಿಕ:
ಈ ಪಾಲಿಮರ್ ಪಿಸ್ತೂಲು ಹೊಸದೇನಲ್ಲ. ಜರ್ಮನಿಯವರು 1970ರಲ್ಲೇ ವಿಪಿ70 ಅಂತ ತಂದ್ರು, ಆಸ್ಟ್ರಿಯಾ ಸೈನ್ಯ 1982ರಲ್ಲಿ ಗ್ಲಾಕ್ 17 ತಗೊಂಡ ಮೇಲೆ ಲೋಕಕ್ಕೆಲ್ಲ ಹಬ್ಬಿತು. ಅವು 9 ಎಂಎಂ, ನಮ್ಮಲ್ಲಿ ಸಾಮಾನ್ಯ ಜನಕ್ಕೆ ಪ್ರೊಹಿಬಿಟೆಡ್ ಬೋರ್, ಅಂದ್ರೆ ಇಟ್ಕೊಳ್ಳೋಕೆ ಬಿಡದ ಅಳತೆ, ಆದ್ದರಿಂದ ಇಲ್ಲಿ ಈ ಚರ್ಚೆಯೆಲ್ಲ ಏರ್ ಪಿಸ್ತೂಲಿಗೇ ಮುಗಿಯುತ್ತೆ. ನಾವು ಸರ್ವಿಸ್ಸಲ್ಲಿದ್ದಾಗ ಆಯುಧಕ್ಕೆ ಒಂದು ಗೀಚು ಬಿದ್ರೂ ಜವಾಬು ಕೊಡಬೇಕಿತ್ತು, ನೀವು ಕಾದ ಕಬ್ಬಿಣ ಇಡ್ತಿದೀರಿ! ಆಯ್ತು, ನಿಮ್ಮದೇ ಸಾಮಾನು. ಇನ್ನೊಂದು, ಟೆರೇಸ್ ಮೇಲೆ ಹೊಡೆಯೋನೇ, ಗುರಿ ಹಿಂದೆ ಏನಿಟ್ಟಿದೀಯ?

ಬೆಣ್ಣೆನಗರಿ177:
ನೀರಿನ ಟ್ಯಾಂಕಿನ ಇಟ್ಗೆ ಗೋಡೆ, ಅದ್ರ ಮುಂದೆ ಎರಡು ಮರಳು ಚೀಲ ಸಾರ್. ಗೋಡೆ ಎಂಟಡಿ ಐತೆ. ಬಾಗ್ಲು ಚಿಲ್ಕ ಹಾಕ್ಕಂಡೇ ಹೊಡೆಯೋದು, ಯಾರೂ ಮೇಲೆ ಬರದಂಗೆ.

ಹಳೇ_ಸೈನಿಕ:
ಶಭಾಶ್. ಕನ್ನಡಕ?

ಬೆಣ್ಣೆನಗರಿ177:
ಬೈಕಿಂದು ಹಾಕ್ತೀನಿ ಸಾರ್

ಬೆಣ್ಣೆನಗರಿ177:
ಇದು ಕೊನೇ ರಿಪೋರ್ಟು. ಫಿಟ್ಟರ್ ಸಾರ್ ಹೇಳ್ದಂಗೆ ದಡ ಕೆತ್ತಿ ಉಜ್ಜಿದೆ, ಸಂದಿನ ಜಾಗದಲ್ಲಿ ಹಾಕಿದ್ದ ಚುಕ್ಕಿನೂ ಪೂರ್ತಿ ನುಣ್ಣಗೆ ಮಾಡ್ದೆ. ಗುಂಡಿ ಉಳ್ಕಂತು, ಹುಟ್ಟುಮಚ್ಚೆ ಅಂದ್ಕಂಡಿದೀನಿ. ನಿನ್ನೆ ಸಂಜೆ ಪೂರ್ತಿ ಅರವತ್ತು ಹೊಡ್ದೆ, ಎಪ್ಪತ್ತೈದು ನಿಮಿಷ ಮ್ಯಾಚ್ ಟೈಮ್ ಇಟ್ಕಂಡು. ಬೆವರು ಸುರೀತು ಆದ್ರೆ ಹಿಡಿ ಒಂದು ಕೂದ್ಲೆಳೆ ತಿರುಗ್ಲಿಲ್ಲ. ಸ್ಕೋರ್ ಏನು ಏರಿಲ್ಲ, ಸುಳ್ಳು ಯಾಕೆ ಹೇಳ್ಲಿ, ಮೊದ್ಲು ಎಷ್ಟು ಬರ್ತಿತ್ತೋ ಅಷ್ಟೇ. ಆದ್ರೆ ಕೊನೇ ಇಪ್ಪತ್ತು ಪೆಲೆಟ್ ಮೊದ್ಲು ಚೆಲ್ಲಾಪಿಲ್ಲಿ ಹೋಗ್ತಿದ್ವು, ಈಗ ಮೊದಲ್ನೇ ಇಪ್ಪತ್ತರಂಗೇ ಒಂದ್ಕಡೆ ಬಿದ್ದಾವೆ. ಉಂಗುರ ಬೆರಳಿನ ಮಧ್ಯ ಒಂದು ಬೊಬ್ಬೆ ಬಂದೈತೆ. ಅಲ್ಲಿ ಚುಕ್ಕಿ ಸ್ವಲ್ಪ ಚೂಪಾದ್ವೇನೋ.

ಟೆನ್‌ಮೀಟರ್_ಅಕ್ಕ:
ಚುಕ್ಕಿ ಚೂಪಾಗಿರ್ಬೋದು, ಇಲ್ಲಾಂದ್ರೆ ನೀನು ಹಳೇ ಅಭ್ಯಾಸಕ್ಕೆ ಇನ್ನೂ ಗಟ್ಟಿ ಹಿಡೀತಿದೀಯ. ಜಾರ್ತಿದ್ದಾಗ ಕೈ ಕಲ್ತಿರೋ ಬಿಗಿ ಅದು, ಹೋಗೋಕೆ ಒಂದು ವಾರ ಬೇಕು. ಮೊದಲು ಹಿಡಿತ ಸಡಿಲ ಮಾಡಿ ನೋಡು, ಆಮೇಲೂ ಬೊಬ್ಬೆ ಬಂದ್ರೆ 400 ಎಮರಿ ಎರಡೇ ಎರಡು ಸಲ ಸವರು. ಅವಸರಕ್ಕೆ ಉಜ್ಜಿಬಿಟ್ರೆ ಮತ್ತೆ ಹಾಕೋಕೆ ಜಾಗ ಇಲ್ಲ.

ದುರ್ಗದಕಲ್ಲು:
ಲೇ ತಮ್ಮ, ನಕ್ಕಿದ್ದು ನಾನೇ, ಕೇಳ್ತಿರೋದೂ ನಾನೇ. ಆ ಗುಂಡಗೆ ಮಾಡಿದ ಬಿಟ್ಟು, ಉಳ್ದಿರೋ ರೇಡಿಯೇಟರ್ ಟ್ಯಾಂಕ್ ತುಂಡು ಎಸೀಬ್ಯಾಡ. ನಂದು ಸೈಕಲ್ ಟ್ಯೂಬ್ ನಿನ್ನೆ ಹರ್ಕಂತು.

ಬೆಣ್ಣೆನಗರಿ177:
ಬಾ ಅಣ್ಣ, ಭಾನುವಾರ ಬಾ. ಟ್ಯಾಂಕಿನ ಒಂದು ಮಗ್ಗುಲು ಇನ್ನೂ ಖಾಲಿ ಐತೆ, ಐನೂರು ಚುಕ್ಕಿ ಹಿಡೀತೈತೆ.

ದುರ್ಗದಕಲ್ಲು:
ಬೆಳಗ್ಗೆ ಮೊದಲ್ನೇ ಬಸ್ಸಿಗೆ ಬರ್ತೀನಿ, ದೋಸೆ ನಿಂದು. ಕ್ಯಾಪ್ಸೂಲ್ ಮನೇಲೇ ತೆಗ್ದಿಟ್ಟು ಬರ್ತೀನಿ.